ತಿಂಗಳಿಗೊಂದು ಶನಿವಾರವನ್ನು ಮಕ್ಕಳಿಗೆ ಮರಳಿ ಕೊಡಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಈ ಬಾರಿಯ ಸ್ವಾತಂತ್ರ್ಯ ದಿನದಂದು ಪಥಸಂಚಲನ ನೋಡಲು ಮೊಮ್ಮಗಳ ಕೈಹಿಡಿದುಕೊಂಡು ತುಮಕೂರಿನ ಮೈದಾನಕ್ಕೆ ಹೋಗಿದ್ದೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಗೃಹರಕ್ಷಕ ದಳ, ಎನ್‌ಸಿಸಿ ಎಲ್ಲ ಸಾಗಿದ ಮೇಲೆ ಪೊಲೀಸರು ಮತ್ತು ಶಾಲೆಗಳು ಕೂಡಿ ನಡೆಸುವ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆಯ ಮಕ್ಕಳ ತುಕಡಿ ಬಂತು. ಸಾಲು ನೇರವಾಗಿತ್ತು, ಕೈಬೀಸು ಒಂದೇ ಎತ್ತರದಲ್ಲಿತ್ತು. ಮೂವತ್ತೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು, ಅದರಲ್ಲಿ ಬಹುಕಾಲ ಕವಾಯತು ಕಲಿಸಿದವನು ನಾನು. ಆ ಮಕ್ಕಳನ್ನು ಕಂಡು ಎದೆ ತುಂಬಿ ಬಂತು.

ಕಾರ್ಯಕ್ರಮ ಮುಗಿದ ಮೇಲೆ ನೀರಿನ ನಲ್ಲಿಯ ಬಳಿ ಆ ಮಕ್ಕಳು ಸಿಕ್ಕಿದರು. 'ಚೆನ್ನಾಗಿ ಮಾಡಿದಿರಿ' ಎಂದು ಬೆನ್ನು ತಟ್ಟಿ, ತಿಂಗಳ ತರಗತಿಯಲ್ಲಿ ಈಚೆಗೆ ಏನು ಕಲಿತಿರಿ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಹದಿನೈದು ದಿನ ಮಾರ್ಚಿಂಗ್ ಕಲಿಸಿದರು ಸರ್. ತರಗತಿ ಅಂತ ಏನೂ ಇಲ್ಲ' ಎಂದಳು ತುಕಡಿಯ ಮುಂದಾಳಾಗಿದ್ದ ಹುಡುಗಿ. ನಿಮ್ಮ ಶಾಲೆಯ ಸರಹದ್ದಿನ ಗಸ್ತು ಪೊಲೀಸಿನವರ ಹೆಸರು ಗೊತ್ತೆ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ ಕೇಳಿದೆ. ಒಬ್ಬ ಹುಡುಗ 1098ರ ಬದಲು 100 ಎಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕಾಗಿ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಈ ಯೋಜನೆ ಎಲ್ಲಿಂದ ಬಂತು ಎಂಬುದು ನಮ್ಮ ಜಿಲ್ಲೆಯ ಶಿಕ್ಷಕರಲ್ಲಿಯೇ ಅನೇಕರಿಗೆ ತಿಳಿಯದು. ಇದು ಹುಟ್ಟಿದ್ದು ಪಕ್ಕದ ಕೇರಳದಲ್ಲಿ. ಐಪಿಎಸ್ ಅಧಿಕಾರಿ ಪಿ. ವಿಜಯನ್ ಅವರ ಕಲ್ಪನೆ ಅದು. 2010ರ ಆಗಸ್ಟ್ 2ರಂದು ಅಂದಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಅವರು ಕೋಯಿಕ್ಕೋಡಿನಲ್ಲಿ ಚಾಲನೆ ಕೊಟ್ಟರು. ಆಗ ಸೇರಿದ್ದು 127 ಶಾಲೆಗಳು, 11,176 ಮಕ್ಕಳು. ಭಾಗಿಸಿ ನೋಡಿದರೆ ಶಾಲೆಗೆ ಸರಿಯಾಗಿ 88 ಮಕ್ಕಳು ಬರುತ್ತಾರೆ: ಒಂದೊಂದು ತಂಡದಲ್ಲಿ 44 ಮಂದಿ, ಅಂಥ ಎರಡು ತಂಡ. ಆ 44ರಲ್ಲಿ 22 ಹುಡುಗರು, 22 ಹುಡುಗಿಯರು. ನಾನು ಈ ಲೆಕ್ಕವನ್ನು ಎಲ್ಲ ಕಡೆ ಹೇಳುತ್ತೇನೆ, ಏಕೆಂದರೆ ಯೋಜನೆಯ ಜೀವ ಅದರಲ್ಲಿದೆ. ಸಾವಿರ ಮಕ್ಕಳ ಮುಂದೆ ಮೈಕ್ ಹಿಡಿದು ಭಾಷಣ ಮಾಡಿದರೆ ಒಬ್ಬ ಪೊಲೀಸ್ ಒಂದು ಮಗುವಿನ ಹೆಸರನ್ನೂ ಕಲಿಯಲಾರ. 44 ಮಕ್ಕಳಾದರೆ ಎರಡನೆಯ ತಿಂಗಳಿಗೆ ಎಲ್ಲರ ಹೆಸರೂ ಬಾಯಿಗೆ ಬರುತ್ತದೆ.

ಕೇರಳದವರು ಇದನ್ನು ಪೊಲೀಸರ ಕೈಗಷ್ಟೇ ಬಿಡಲಿಲ್ಲ. ಗೃಹ ಮತ್ತು ಶಿಕ್ಷಣ ಇಲಾಖೆಗಳು ಕೂಡಿ ನಡೆಸಿದವು. ಶಾಲೆಯ ಶಿಕ್ಷಕರೇ ಕೆಡೆಟ್‌ಗಳ ಹೊಣೆ ಹೊತ್ತರು, ಠಾಣೆಯಿಂದ ಕವಾಯತು ಕಲಿಸುವವರು ಬಂದರು. ಓಣಂ ರಜೆಗೊಂದು ಶಿಬಿರ, ಕ್ರಿಸ್ಮಸ್ ರಜೆಗೊಂದು ಶಿಬಿರ. ಅಲ್ಲಿ ಬೇರೂರಿದ ಮೇಲೆ ಕೇಂದ್ರ ಗೃಹ ಇಲಾಖೆ ಅದನ್ನು ದೇಶಕ್ಕೆಲ್ಲ ತೆಗೆದುಕೊಂಡಿತು. 2018ರ ಜುಲೈ 21ರಂದು ಹರಿಯಾಣದ ಗುರುಗ್ರಾಮದಲ್ಲಿ ಅಂದಿನ ಗೃಹ ಸಚಿವ ರಾಜನಾಥ್ ಸಿಂಗ್ ಅವರು ರಾಷ್ಟ್ರಮಟ್ಟದಲ್ಲಿ ಉದ್ಘಾಟಿಸಿದರು. ರಾಜ್ಯಗಳಿಗೆ 67 ಕೋಟಿ ರೂಪಾಯಿ ಬಿಡುಗಡೆಯಾಯಿತು. ಶಾಲೆಯೊಂದಕ್ಕೆ 50,000 ರೂಪಾಯಿ. ಅದು ಬೋಧನಾ ಸಾಮಗ್ರಿಗೆ, ತರಬೇತಿಗೆ, ಸಣ್ಣಪುಟ್ಟ ಖರ್ಚಿಗೆ. ಮೊದಲು ಸರ್ಕಾರಿ ಶಾಲೆಗಳು, ಅದರಲ್ಲಿ 8 ಮತ್ತು 9ನೇ ತರಗತಿಯ ಮಕ್ಕಳು. ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ತಿಂಗಳಿಗೆ ಒಂದೇ ತರಗತಿ.

ಆ ಒಂದು ತರಗತಿಯಲ್ಲಿ ಏನು ಹೇಳಬೇಕು ಎಂಬುದನ್ನೂ ಅವರೇ ಹೇಳಿದ್ದಾರೆ. ಜನರೊಂದಿಗೆ ಪೊಲೀಸ್, ರಸ್ತೆ ಸುರಕ್ಷತೆ, ಸಾಮಾಜಿಕ ಪಿಡುಗು, ಮಹಿಳೆಯರ ಮತ್ತು ಮಕ್ಕಳ ಸುರಕ್ಷತೆ, ಭ್ರಷ್ಟಾಚಾರ, ವಿಪತ್ತು ನಿರ್ವಹಣೆ. ಇದರ ಜೊತೆಗೆ ಹಿರಿಯರಿಗೆ ಗೌರವ, ತಾಳ್ಮೆ, ಸಹನೆ, ಇನ್ನೊಬ್ಬರ ನೋವನ್ನು ಅರಿಯುವುದು, ಶಿಸ್ತು ಇಂಥ ಗುಣಗಳು. ಗಮನಿಸಿ ಸ್ವಾಮಿ: ಪಥಸಂಚಲನ ಎನ್ನುವ ವಿಷಯ ಈ ಪಟ್ಟಿಯಲ್ಲಿಯೇ ಇಲ್ಲ. ಕವಾಯತು ಬೇಡವೆಂದು ನಾನು ಹೇಳುತ್ತಿಲ್ಲ, ಅದು ನನ್ನ ಅನ್ನ. ಆದರೆ ಅದು ಮಕ್ಕಳನ್ನು ಒಟ್ಟಿಗೆ ನಿಲ್ಲಿಸುವ ದಾರಿ. ನಿಂತ ಮೇಲೆ ಅವರಿಗೆ ಹೇಳಬೇಕಾದ ಮಾತು ಬೇರೆಯೇ ಇದೆ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದೇಶದ ಮಾತು ಹೇಳುವುದು ನಮ್ಮ ನಾಡಿಗೆ ಹೊಸದಲ್ಲ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಅವರು 1923ರಲ್ಲಿ ಕಟ್ಟಿದ ಸೇವಾದಳದ ನೆರಳಿನಲ್ಲಿ ಬೆಳೆದವನು ನಾನು. ಎಪ್ಪತ್ತರ ದಶಕದಲ್ಲಿ ನಮ್ಮೂರಿನ ಶಾಲೆಯಲ್ಲಿ ಬಿಳಿ ಟೊಪ್ಪಿಗೆ ಇಟ್ಟುಕೊಂಡು ಝಂಡಾ ಹಾಡು ಹಾಡುತ್ತಿದ್ದೆವು. ಸ್ಕೌಟ್ಸ್ ಇತ್ತು. 1948ರ ಕಾಯಿದೆಯಿಂದ ಬಂದ ಎನ್‌ಸಿಸಿ ಇತ್ತು, ಪೇಟೆಯ ಶಾಲೆಗಳಲ್ಲಿ. ಅವೆಲ್ಲವೂ ದೊಡ್ಡವು. ಆದರೆ ಪೊಲೀಸ್ ಠಾಣೆಗೂ ಶಾಲೆಗೂ ನಡುವಿನ ಗೋಡೆಯನ್ನು ಅವು ಯಾವುವೂ ಮುಟ್ಟಿರಲಿಲ್ಲ. ನಾನು ಪೇದೆಯಾಗಿ ಸೇರಿದ ಹೊಸದರಲ್ಲಿ ಊರಿಗೆ ಹೋದಾಗ, ನನ್ನ ಸ್ವಂತ ಅಕ್ಕ ತನ್ನ ಮಗನಿಗೆ ಮುದ್ದೆ ತಿನ್ನಿಸುತ್ತ, 'ಬೇಗ ನುಂಗು, ಇಲ್ಲದಿದ್ದರೆ ಪೊಲೀಸಿನವನು ಹಿಡಿದುಕೊಂಡು ಹೋಗುತ್ತಾನೆ' ಎಂದು ನನ್ನತ್ತಲೇ ಬೆರಳು ತೋರಿಸಿದ್ದಳು. ಮಗು ನನ್ನನ್ನು ನೋಡಿ ಕಿರುಚಿತು. ಆ ಕಿರುಚು ಇಂದಿಗೂ ನನ್ನ ಕಿವಿಯಲ್ಲಿದೆ.

2019ರ ಜೂನ್‌ನಲ್ಲಿ ನನ್ನನ್ನು ಗುಬ್ಬಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ತರಬೇತುದಾರನಾಗಿ ನಿಯೋಜಿಸಿದರು. ಶಾಲೆಯ ಹೆಸರು ಬೇಡ, ಮುಂದೆ ಹೇಳುವ ಸಂಗತಿಗಳಲ್ಲಿ ಮಕ್ಕಳ ಮಾನದ ಪ್ರಶ್ನೆಯಿದೆ. ಅಲ್ಲಿಯೂ ಅದೇ 22 ಮತ್ತು 22ರ ಲೆಕ್ಕ. ಮೊದಲ ದಿನ ಕೇಳಿದೆ: ಪೊಲೀಸ್ ಠಾಣೆಯ ಒಳಗೆ ಹೋದವರು ಯಾರಾದರೂ ಇದ್ದೀರಾ? ಒಬ್ಬ ಹುಡುಗ ಮಾತ್ರ ಅರ್ಧ ಕೈ ಎತ್ತಿದ, ಮತ್ತೆ ಇಳಿಸಿದ. ಅವನ ತಂದೆಯನ್ನು ಬದುವಿನ ಜಗಳದಲ್ಲಿ ರಾತ್ರಿ ಕರೆದೊಯ್ದಿದ್ದರಂತೆ, ಇವನು ಅಮ್ಮನ ಜೊತೆ ಬೆಳಗಿನವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದನಂತೆ. ಇದನ್ನು ಅವನು ನನಗೆ ಹೇಳಿದ್ದು ಐದು ತಿಂಗಳ ನಂತರ.

ಮೊದಲ ಎರಡು ತಿಂಗಳು ನಾನು ತಪ್ಪು ಮಾಡಿದೆ. ಹೊಸದಾಗಿ ಸೇರಿದ ಪೊಲೀಸರಿಗೆ ಕಲಿಸಿದಂತೆಯೇ ಈ ಮಕ್ಕಳಿಗೂ ಸಾವಧಾನ್, ವಿಶ್ರಾಮ್, ಕದಂ ತಾಲ್ ಎಂದು ಕೂಗಿ ಕೂಗಿ ಹೇಳಿಕೊಟ್ಟೆ. ಎರಡನೆಯ ತಿಂಗಳ ಶನಿವಾರ ಒಬ್ಬ ಹುಡುಗಿ ತಲೆ ಸುತ್ತಿ ಬಿದ್ದಳು. ವಿಚಾರಿಸಿದರೆ ಬೆಳಿಗ್ಗೆ ಏನೂ ತಿಂದಿರಲಿಲ್ಲ. ಶನಿವಾರ ಶಾಲೆ ಬೇಗ, ತಾಯಿ ಅದಕ್ಕೂ ಮೊದಲೇ ಕೂಲಿಗೆ ಹೋಗಿರುತ್ತಾಳೆ. ಅವಳೊಬ್ಬಳೇ ಅಲ್ಲ, ಹನ್ನೊಂದು ಮಕ್ಕಳು ಖಾಲಿ ಹೊಟ್ಟೆಯಲ್ಲಿ ನನ್ನ ಮುಂದೆ ನಿಂತಿದ್ದರು. ಮುಖ್ಯ ಶಿಕ್ಷಕಿಯವರೊಂದಿಗೆ ಮಾತನಾಡಿ, ಹಾಲು ಕುಡಿದ ಮೇಲೆಯೇ ಮಕ್ಕಳು ಮೈದಾನಕ್ಕೆ ಇಳಿಯಬೇಕೆಂದು ನಿಯಮ ಮಾಡಿಕೊಂಡೆವು. ಕವಾಯತನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಉಳಿದ ನಲವತ್ತು ನಿಮಿಷ ಹೊಂಗೆ ಮರದ ಕೆಳಗೆ ಕೂತು ಮಾತು.

ಮೂರನೆಯ ತಿಂಗಳಿನಿಂದ ಸಮವಸ್ತ್ರವನ್ನೂ ಬಿಟ್ಟು ಹೋದೆ. ಇದಕ್ಕೆ ಕೆಲವರು ಆಕ್ಷೇಪಿಸಿದರು. ನಾನು ಕೊಟ್ಟ ಉತ್ತರ ಇದು: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯಿದೆಯೇ ಮಗುವಿನ ಹೇಳಿಕೆ ಪಡೆಯುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು ಎನ್ನುತ್ತದೆ. ಸಮವಸ್ತ್ರದ ಮುಂದೆ ಮಗುವಿನ ಬಾಯಿ ಕಟ್ಟುತ್ತದೆ ಎಂಬುದನ್ನು ಕಾನೂನು ಮಾಡಿದವರು ಅರಿತಿದ್ದರು. ಬಿಳಿ ಅಂಗಿ ಹಾಕಿಕೊಂಡು ಹೋದ ದಿನ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಹಿಂದಿನ ಎರಡು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಪೊಲೀಸರು ದುಡ್ಡು ತೆಗೆದುಕೊಳ್ಳುತ್ತಾರಂತೆ, ನಿಜವಾ? ಕಂಪ್ಲೇಂಟ್ ಕೊಟ್ಟರೆ ನಮ್ಮನ್ನೇ ಒಳಗೆ ಹಾಕುತ್ತಾರಾ? ಅಪ್ಪ ಅಮ್ಮನಿಗೆ ಹೊಡೆದರೆ ಯಾರಿಗೆ ಹೇಳಬೇಕು? ಪಟ್ಟಿಯಲ್ಲಿದ್ದ ವಿಷಯಗಳೆಲ್ಲ ಮಕ್ಕಳ ಬಾಯಿಂದಲೇ ಬಂದವು, ನಾನು ಹುಡುಕಬೇಕಾಗಲಿಲ್ಲ. ಒಂದೊಂದಕ್ಕೂ ನೇರವಾಗಿ ಉತ್ತರಿಸಿದೆ. ಲಂಚದ ಪ್ರಶ್ನೆಗೂ.

ಆ ವರ್ಷ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಹದಿನೆಂಟು ತುಂಬದವರು ವಾಹನ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಹಲಗೆಯ ಮೇಲೆ 25,000 ಎಂದು ಬರೆದು, ನಿಮ್ಮ ಮನೆಯಲ್ಲಿ ಇದು ಎಷ್ಟು ತಿಂಗಳ ದುಡಿಮೆ ಎಂದು ಕೇಳಿದೆ. 22 ಹುಡುಗರಲ್ಲಿ ಹದಿನಾಲ್ಕು ಮಂದಿ ಅಪ್ಪನ ಮೊಪೆಡ್ಡನ್ನೋ ಬೈಕನ್ನೋ ಹಾಲಿನ ಡೇರಿಗೆ, ಗಿರಣಿಗೆ ಓಡಿಸುತ್ತಿದ್ದರು. ಕಳಿಸುತ್ತಿದ್ದವರು ಅಪ್ಪಂದಿರೇ. ಮುಂದಿನ ತಿಂಗಳು ಆ ಅಪ್ಪಂದಿರನ್ನೇ ಶಾಲೆಗೆ ಕರೆಸಿದೆವು. ಮೂವರು ಬಂದರು. ಮೂವರೇ ಬಂದರೂ ಮಾತನಾಡಿದೆವು.

ಹೇಮಾವತಿ ನಾಲೆಯ ಸಂಗತಿಯನ್ನು ನಾನು ಸಾಯುವವರೆಗೆ ಮರೆಯಲಾರೆ. ನಾಲೆಯಲ್ಲಿ ನೀರು ಬಿಟ್ಟ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಸಾವುಗಳಾಗುವುದು ಎಲ್ಲರಿಗೂ ಗೊತ್ತು. ಈಜು ಬರದವರಷ್ಟೇ ಅಲ್ಲ, ಬರುವವರೂ ಸಾಯುತ್ತಾರೆ. ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿರುತ್ತದೆ. ಬಿದ್ದವನು ದಡದ ಹತ್ತಿರ ಬಂದರೂ ಹತ್ತಲು ಹಿಡಿತ ಸಿಗುವುದಿಲ್ಲ, ಕೈಕೊಡಲು ಬಗ್ಗಿದವನೂ ಜಾರುತ್ತಾನೆ. ಹಾಗಾಗಿಯೇ ಒಬ್ಬರ ಹಿಂದೆ ಒಬ್ಬರು ಹೋಗುವುದು. ಆಗಸ್ಟ್ ತಿಂಗಳ ವಿಪತ್ತಿನ ತರಗತಿಯಲ್ಲಿ ಭೂಕಂಪ, ಚಂಡಮಾರುತ ಎಲ್ಲ ಬಿಟ್ಟು ನಾನು ಇದೊಂದನ್ನೇ ಹೇಳಿದ್ದೆ. ನೀರಿಗೆ ಹಾರಬೇಡಿ. ಕೈ ಕೊಡಬೇಡಿ. ಹಗ್ಗ, ಪಂಚೆ, ಸೀರೆ, ಗಳ, ಖಾಲಿ ಕ್ಯಾನು, ಸಿಕ್ಕಿದ್ದನ್ನು ಎಸೆಯಿರಿ. ನಿಂತುಕೊಂಡು ಎಳೆಯಬೇಡಿ, ದಡದ ಮೇಲೆ ಬೋರಲಾಗಿ ಮಲಗಿ ಎಳೆಯಿರಿ, ನಿಮ್ಮ ಕಾಲನ್ನು ಇನ್ನೊಬ್ಬರು ಹಿಡಿದಿರಲಿ. ಮೈದಾನದಲ್ಲಿ ಸುಣ್ಣದಿಂದ ನಾಲೆ ಎಳೆದು ನಾಲ್ಕು ನಾಲ್ಕು ಮಕ್ಕಳಿಗೆ ಮಾಡಿಸಿದ್ದೆ.

ದಸರಾ ರಜೆಯಲ್ಲಿ, ಹಸು ಮೇಯಿಸಲು ಹೋಗಿದ್ದ ನಮ್ಮ ಕೆಡೆಟ್ ಹುಡುಗನೊಬ್ಬನ ಕಣ್ಣೆದುರೇ ಪಕ್ಕದ ಹಳ್ಳಿಯ ಹುಡುಗ ನಾಲೆಗೆ ಜಾರಿದ. ಇವನಿಗೆ ಈಜು ಚೆನ್ನಾಗಿಯೇ ಬರುತ್ತಿತ್ತು. ಆದರೂ ಹಾರಲಿಲ್ಲ. ಹಸುವಿನ ಹಗ್ಗ ಬಿಚ್ಚಿ, ನೀರು ಹರಿಯುವ ದಿಕ್ಕಿನಲ್ಲಿ ಮುಂದಕ್ಕೆ ಓಡಿ, ಎಸೆದು, ಬೋರಲು ಮಲಗಿದ. ಜೊತೆಯಲ್ಲಿದ್ದ ತಮ್ಮನಿಗೆ 'ಕಾಲು ಹಿಡಿಯೋ' ಎಂದು ಕೂಗಿದ. ಹುಡುಗ ಬದುಕಿದ. ಇದು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಅವನಿಗೆ ಯಾರೂ ಶಾಲು ಹೊದಿಸಲಿಲ್ಲ. ರಜೆ ಮುಗಿದ ಮೇಲೆ ಬಂದು, 'ಸರ್, ನೀವು ಹೇಳಿದ ಹಾಗೇ ಮಾಡಿದೆ, ಆದರೆ ಹಸು ತಪ್ಪಿಸಿಕೊಂಡು ಹೋಗಿ ಅಪ್ಪನ ಕೈಲಿ ಏಟು ತಿಂದೆ' ಎಂದ. ಅವನ ತಂದೆಯ ಬಳಿ ನಾನೇ ಹೋಗಿ ನಡೆದದ್ದನ್ನು ಹೇಳಿದೆ. ಆ ಮನುಷ್ಯ ಮಗನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಇನ್ನೊಂದು. ಆ ವರ್ಷದ ದೀಪಾವಳಿಗೆ ಮುಂಚೆ ಒಂದು ಶನಿವಾರ ತರಗತಿ ಮುಗಿದ ಮೇಲೆ ಹಾಜರಿ ಪುಸ್ತಕದೊಳಗೆ ಮಡಿಸಿಟ್ಟ ಒಂದು ಹಾಳೆ ಸಿಕ್ಕಿತು. ಕೆಡೆಟ್ ಹುಡುಗಿಯೊಬ್ಬಳು ಬರೆದಿದ್ದಳು: ತನ್ನ ಗೆಳತಿಗೆ ಹಬ್ಬ ಕಳೆದ ಮೇಲೆ ಲಗ್ನ, ಗಂಡಿಗೆ ಇಪ್ಪತ್ತೊಂಬತ್ತು, ನಾನು ಬರೆದೆ ಎಂದು ಯಾರಿಗೂ ಹೇಳಬೇಡಿ. ಅವಳಿಗೆ 1098 ಗೊತ್ತಿತ್ತು, ನಾನೇ ಬಾಯಿಪಾಠ ಮಾಡಿಸಿದ್ದೆ. ಆದರೆ ಮನೆಯಲ್ಲಿದ್ದ ಒಂದೇ ಫೋನು ಅಣ್ಣನ ಜೇಬಿನಲ್ಲಿತ್ತು. ಸಹಾಯವಾಣಿಯ ಸಂಖ್ಯೆ ಗೊತ್ತಿದ್ದರಷ್ಟೇ ಸಾಲದು ಎಂದು ನನಗೆ ಅಂದು ಅರಿವಾಯಿತು. ಫೋನಿಲ್ಲದ ಮಗುವಿಗೆ ನಂಬುವ ಒಬ್ಬ ಮನುಷ್ಯ ಬೇಕು, ಅವನು ಪ್ರತಿ ತಿಂಗಳೂ ತಪ್ಪದೆ ಬರಬೇಕು. ಹಾಳೆಯನ್ನು ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಕೊಟ್ಟೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಠಾಣೆಗಳಲ್ಲಿ ಇಂಥ ಒಬ್ಬರು ಇರುತ್ತಾರೆ, ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದವರು. ಇದು ಓದುಗರಿಗೂ ತಿಳಿದಿರಲಿ. ಆ ಅಧಿಕಾರಿ ಮಹಿಳಾ ಮತ್ತು ಮಕ್ಕಳ ಇಲಾಖೆಯವರೊಂದಿಗೆ ಹುಡುಗಿಯ ಮನೆಗೆ ಹೋಗಿ, ಕರ್ನಾಟಕದಲ್ಲಿ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು, ಮಾಡಿಸಿದವರಿಗೆ ಜೈಲು ಎಂದು ತಿಳಿಹೇಳಿ ಮುಚ್ಚಳಿಕೆ ಬರೆಸಿಕೊಂಡರು. ಲಗ್ನ ನಿಂತಿತು. ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಬರೆದವಳು ಯಾರೆಂದು ಇಂದಿನವರೆಗೂ ಊರಿಗೆ ಗೊತ್ತಿಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನಾವು ಬಂದೋಬಸ್ತಿಗೆ ಹೋದೆವು. ಮರುವರ್ಷ ನಾನು ನಿವೃತ್ತನಾದೆ. ಶಾಲೆಗಳು ತೆರೆದ ಮೇಲೆ ಕೆಡೆಟ್‌ಗಳೂ ಬಂದರು ಎಂದು ಕೇಳಿ ಸಂತೋಷಪಟ್ಟಿದ್ದೆ. ಹೋಗಿ ನೋಡಿದ ಮೂರು ನಾಲ್ಕು ಕಡೆ ಕಂಡದ್ದು ಬೇರೆ. ಒಂದು ಶಾಲೆಯಲ್ಲಿ ಬಂದ ಹಣದ ದೊಡ್ಡ ಪಾಲು ಫ್ಲೆಕ್ಸಿಗೆ ಮತ್ತು ಉದ್ಘಾಟನೆಯ ದಿನದ ಊಟಕ್ಕೆ ಹೋಗಿತ್ತು. ಇನ್ನೊಂದರಲ್ಲಿ ಮಕ್ಕಳನ್ನು ಜಾತ್ರೆಯಲ್ಲಿ ಹಗ್ಗ ಹಿಡಿದು ಜನರನ್ನು ತಡೆಯಲು ನಿಲ್ಲಿಸಿದ್ದರು. ಹದಿಮೂರು ವರ್ಷದ ಮಗು, ತೇರು ಎಳೆಯುವ ಜನಸಂದಣಿಯ ಮುಂದೆ! ನೂಕುನುಗ್ಗಲಾದರೆ ಮೊದಲು ಕಾಲಡಿಗೆ ಸಿಗುವವನೇ ಅವನು. ಬಂದೋಬಸ್ತು ನಮ್ಮ ಕೆಲಸ, ಸಂಬಳ ಪಡೆದು ಮಾಡುವ ಕೆಲಸ. ಗಣ್ಯರು ಬರುವ ದಾರಿಯಲ್ಲಿ ಹೂ ಹಿಡಿದು ಬಿಸಿಲಲ್ಲಿ ಎರಡು ತಾಸು ನಿಲ್ಲುವುದೂ ಕೆಡೆಟ್ ಮಕ್ಕಳ ಕೆಲಸವಲ್ಲ. ಮತ್ತೊಂದು ಶಾಲೆಗೆ ವರ್ಷದಲ್ಲಿ ಐದು ಬಾರಿ ಐದು ಬೇರೆ ಬೇರೆ ಪೊಲೀಸರು ಹೋಗಿದ್ದರು. ಆ ದಿನ ಯಾರಿಗೆ ಡ್ಯೂಟಿ ಇಲ್ಲವೋ ಅವರನ್ನು ಕಳಿಸುವುದಂತೆ.

ಠಾಣೆಗಳ ಕಷ್ಟ ನನಗೆ ಗೊತ್ತಿಲ್ಲವೆ? ಸಿಬ್ಬಂದಿ ಸಾಲದು, ಒಂದು ಕಡೆ ಪ್ರತಿಭಟನೆ, ಇನ್ನೊಂದು ಕಡೆ ಕೋರ್ಟು, ಹೆದ್ದಾರಿಯಲ್ಲಿ ಅಪಘಾತ. ದೈಹಿಕ ಶಿಕ್ಷಕರ ಕಷ್ಟವೂ ಗೊತ್ತು, ಅನೇಕ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ. ಆದರೆ ನಾನು ಕೇಳುತ್ತಿರುವುದು ತಿಂಗಳಿಗೆ ಒಂದು ಗಂಟೆ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಮತ್ತು ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಕೂಡಿ ಒಂದು ಶನಿವಾರವನ್ನು ಗೊತ್ತುಮಾಡಲಿ. ಒಂದು ಶಾಲೆಗೆ ಒಬ್ಬರೇ ಪೊಲೀಸ್, ಕಡೆಯ ಪಕ್ಷ ಎರಡು ವರ್ಷ. ಸಾಧ್ಯವಾದಲ್ಲೆಲ್ಲ ಅವರ ಜೊತೆ ಒಬ್ಬ ಮಹಿಳಾ ಸಿಬ್ಬಂದಿ ಇರಲಿ. ನನಗೆ ಹಾಳೆಯಲ್ಲಿ ಬರೆದು ತಿಳಿಸಿದ ಆ ಹುಡುಗಿ, ಒಬ್ಬ ಹೆಣ್ಣುಮಗಳು ಬರುತ್ತಿದ್ದಿದ್ದರೆ ಬಾಯಿಬಿಟ್ಟೇ ಹೇಳುತ್ತಿದ್ದಳೇನೋ. ಬಂದ ಹಣ ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ ಹೇಳಲಿ. ಜಾತ್ರೆಗೆ, ಸ್ವಾಗತಕ್ಕೆ ಕೆಡೆಟ್‌ಗಳನ್ನು ಕರೆಯಕೂಡದೆಂದು ಲಿಖಿತ ಆದೇಶ ಹೊರಡಿಸಲಿ.

ನಿವೃತ್ತ ಪೊಲೀಸರನ್ನೂ ಬಳಸಿಕೊಳ್ಳಿ ಎಂದು ಕೇಳುತ್ತೇನೆ. ನಮ್ಮ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ, ಪಾವಗಡದಿಂದ ಕುಣಿಗಲ್‌ವರೆಗೆ, ನನ್ನಂಥವರು ಬೇಕಾದಷ್ಟು ಮಂದಿ ಇದ್ದೇವೆ. ಸಂಬಳ ಬೇಡ, ಬಸ್ ಚಾರ್ಜೂ ಬೇಡ. ಕವಾಯತು ನಾವು ನೋಡಿಕೊಳ್ಳುತ್ತೇವೆ, ಸೇವೆಯಲ್ಲಿರುವ ಪೊಲೀಸರು ಆ ಗಂಟೆಯನ್ನು ಮಾತಿಗೆ ಇಟ್ಟುಕೊಳ್ಳಲಿ.

ನನ್ನ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಅದರಲ್ಲಿ ಮೊದಲ ತಂಡದ 44 ಮಕ್ಕಳ ಹಾಜರಿ, ಯಾವ ಶನಿವಾರ ಏನು ಹೇಳಿದೆ, ಯಾವ ಮಗು ಏನು ಕೇಳಿತು ಎಲ್ಲವೂ ಇದೆ. ಇಲಾಖೆಯ ಕಡತದಲ್ಲಿ ಆ ವರ್ಷದ ವಿವರ ಏನಾದರೂ ಉಳಿದಿದೆಯೆ ಎಂದು ಹೋದ ತಿಂಗಳು ವಿಚಾರಿಸಿದಾಗ ಫೋಟೊಗಳು ಮಾತ್ರ ಸಿಕ್ಕಿದವು. ಮಕ್ಕಳ ಗುಟ್ಟಿನ ಸಂಗತಿಗಳಿರುವ ಪುಟಗಳನ್ನು ಬೇರ್ಪಡಿಸಿ, ಉಳಿದದ್ದನ್ನು ಮೊಮ್ಮಗಳ ಸಹಾಯದಿಂದ ಅಚ್ಚುಕಟ್ಟಾಗಿ ನಕಲು ಮಾಡುತ್ತಿದ್ದೇನೆ. ಹನ್ನೆರಡು ಪುಟ ಮುಗಿದಿದೆ. ಯಾವ ಶಾಲೆಯ ಶಿಕ್ಷಕರು, ಯಾವ ಠಾಣೆಯವರು ಕೇಳಿದರೂ ಒಂದು ಪ್ರತಿ ಕೊಡುತ್ತೇನೆ. ನಲ್ಲಿಯ ಬಳಿ ಸಿಕ್ಕ ಆ ಹುಡುಗಿಯ ಶಾಲೆಗೆ ಮೊದಲ ಪ್ರತಿಯನ್ನು ನಾನೇ ಒಯ್ದು ಕೊಡುವವನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಾಯಕ ಮೀಸಲು ಸಬ್‌ಇನ್‌ಸ್ಪೆಕ್ಟರ್,
ಕ್ಯಾತ್ಸಂದ್ರ, ತುಮಕೂರು